ಜಾರದೆ ನಿಂತ ದನಿ

ಭೂತ, ಶಕುನ, ಕನಸಿನ ಫಲ ಇವೆಲ್ಲ ನನಗೆ ಎಂದೂ ಹಿಡಿಸಿದ ವಿಷಯಗಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿಕೊಂಡೇ ಆಯುಷ್ಯ ಕಳೆದವನು ನಾನು. ಯಾರಾದರೂ ನನ್ನೆದುರು ಅಂಥ ಕಥೆ ಶುರು ಮಾಡಿದರೆ, ಅದರಲ್ಲಿ ಎಲ್ಲಿ ಹೊಲಿಗೆ ಬಿಚ್ಚಿದೆ ಎಂದು ಹುಡುಕುವುದೇ ನನ್ನ ಕೆಲಸ. ಹೆಚ್ಚಿನ ಸಲ ಅದು ಸಿಕ್ಕಿಯೂ ಬಿಡುತ್ತಿತ್ತು. ಹಾಗಾಗಿ ನನ್ನದೇ ಒಂದು ಅನುಭವ ಬರೆಯಲು ಕೂತಾಗ ಸ್ವಲ್ಪ ಸಂಕೋಚವಾಗುತ್ತಿದೆ. ಇಂಥವೆಲ್ಲ ಸರಿರಾತ್ರಿಯಲ್ಲಿ ನಡೆಯಬೇಕೆಂಬುದು ರೂಢಿ. ನನಗಾದದ್ದು ಒಂದು ಭಾನುವಾರ, ತಿಂಡಿ ಮುಗಿಸಿದ ಮೇಲೆ, ಜಗಳೂರಿನ ಒಳ್ಳೇ ಬಿಸಿಲಿನಲ್ಲಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅದಕ್ಕೂ ಮೊದಲು ಕೆಲವು ವರ್ಷ ನಾನು ಚನ್ನಗಿರಿಯಲ್ಲಿದ್ದೆ. ಅಲ್ಲಿ ಖಾದರ್ ಸಾಹೇಬರದು ರೇಡಿಯೊ ರಿಪೇರಿ ಅಂಗಡಿ. ಶಾಲೆಯ ರೇಡಿಯೊ ಕೆಟ್ಟಿತೆಂದು ಹೋದವನು ಅವರ ಅಂಗಡಿಯ ಬೆಂಚಿಗೇ ಅಂಟಿಕೊಂಡೆ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಸ್ವಂತ ಟ್ರಾನ್ಸ್‌ಮಿಟರಿನಿಂದ ಊರೂರಿನ ಹವ್ಯಾಸಿಗಳೊಡನೆ ಮಾತಾಡುವ ಹ್ಯಾಮ್ ರೇಡಿಯೊದ ಹುಚ್ಚು ಅವರಿಗಿತ್ತು. ಆ ಹುಚ್ಚನ್ನು ನನಗೂ ಹಿಡಿಸಿದರು. ಚುಕ್ಕೆ, ಗೀಟುಗಳ ಸದ್ದಿನಲ್ಲಿ ಅಕ್ಷರ ಕಳಿಸುವ ಮೋರ್ಸ್ ಕುಟ್ಟುವುದನ್ನು ನನಗೆ ಕಲಿಸಿದವರು ಅವರೇ. ನನಗಿಂತ ಹತ್ತು ವರ್ಷ ದೊಡ್ಡವರು, ಮೆಲುಮಾತಿನವರು; ಕೆಟ್ಟ ರೇಡಿಯೊ ಸರಿಹೋದಾಗ ಗಿರಾಕಿಗಿಂತ ಹೆಚ್ಚು ಖುಷಿಪಡುತ್ತಿದ್ದರು.

ನನಗೆ ಜಗಳೂರಿಗೆ ವರ್ಗವಾದ ಮೇಲೆ ಒಂದು ತಮಾಷೆಯ ತೊಡಕು ಎದುರಾಯಿತು. ನಮ್ಮ ಶಾರ್ಟ್‌ವೇವ್ ಸೆಟ್ಟುಗಳಲ್ಲಿ ದೂರದ ದೇಶಗಳು ಕೇಳುತ್ತಿದ್ದವು, ಆದರೆ ಜಗಳೂರಿಗೆ ಚನ್ನಗಿರಿ ಕೇಳುತ್ತಿರಲಿಲ್ಲ; ಆ ಅಲೆಗಳು ಮೇಲಕ್ಕೆ ನೆಗೆದು, ಹತ್ತಿರದ ಊರುಗಳನ್ನು ದಾಟಿ, ದೂರದಲ್ಲಿ ಇಳಿಯುತ್ತಿದ್ದವು. ವಿದೇಶದವರು ಹವ್ಯಾಸಿಗಳಿಗಾಗಿಯೇ ಹಾರಿಬಿಟ್ಟಿದ್ದ ಒಂದು ಪುಟ್ಟ ಉಪಗ್ರಹದ ದಾರಿಯನ್ನು ಆಗ ಖಾದರ್ ಸಾಹೇಬರು ಹಿಡಿದರು. ನಾವು ಕಳಿಸಿದ್ದನ್ನು ಅದು ಮೇಲೆ ಹಿಡಿದು, ಇನ್ನೊಂದು ಅಲೆಯಲ್ಲಿ ಕೆಳಕ್ಕೆ ಬಿಡುತ್ತಿತ್ತು. ಹತ್ತಿರದ ತಾಲ್ಲೂಕುಗಳ ಇಬ್ಬರು ಮಾತಾಡಲು ಆಕಾಶದವರೆಗೆ ಹೋಗಿಬರಬೇಕಿತ್ತು. ಅದು ನಮ್ಮ ನೆತ್ತಿಯ ಮೇಲೆ ಹಾಯುವ ಸುಮಾರು ಇಪ್ಪತ್ತು ನಿಮಿಷವಷ್ಟೇ ನಮ್ಮ ಸಮಯ.

ತಾರಸಿಯ ಮೇಲೆ ನಾನು ಅಲ್ಯೂಮಿನಿಯಂ ಕೊಳವೆಗಳ ಆಂಟೆನಾ ನಿಲ್ಲಿಸಿದ ದಿನ ಮನೆ ಮಾಲೀಕರ ಹೆಂಡತಿ ಗಂಗಮ್ಮ ಕೆಳಗಿನಿಂದ ನೋಡಿ, “ಏನ್ ಮೇಷ್ಟ್ರೇ, ಇಬ್ಬರ ಬಟ್ಟೆ ಒಣಗಾಕಾಕೆ ಇಷ್ಟೆಲ್ಲ ಬೇಕೇನ್ರಿ?” ಎಂದಿದ್ದರು. ಒಂದು ಟವೆಲನ್ನು ಅದರ ಮೇಲೆಯೇ ಹರವಿದೆ.

ಇಲ್ಲಿ ಒಂದು ವಿಷಯವನ್ನು ವಿವರಿಸಲೇಬೇಕು, ಏಕೆಂದರೆ ನನ್ನ ಅನುಭವವೆಲ್ಲ ಅದರ ಮೇಲೆಯೇ ನಿಂತಿದೆ. ರಸ್ತೆ ಬದಿಯಲ್ಲಿ ನಿಂತಾಗ ಹಾರ್ನ್ ಒತ್ತಿಕೊಂಡು ಬಸ್ಸು ಬರುವುದನ್ನು ಕೇಳಿರುತ್ತೀರಿ. ಹತ್ತಿರ ಬರುವಾಗ ಹಾರ್ನ್ ಏರುದನಿಯಲ್ಲಿರುತ್ತದೆ, ನಮ್ಮನ್ನು ದಾಟಿದೊಡನೆ ಇಳಿದುಬಿಡುತ್ತದೆ. ಉಪಗ್ರಹವೂ ಹಾಗೆಯೇ. ಅದು ಬರುವಾಗ ಸಂಕೇತ ಮೇಲಿರುತ್ತದೆ, ನೆತ್ತಿ ದಾಟಿ ಹೋಗುವಾಗ ಜಾರುತ್ತದೆ. ಜಾರುವ ದನಿಯನ್ನು ಒಂದೇ ಶ್ರುತಿಯಲ್ಲಿ ನಿಲ್ಲಿಸಲು ರಿಸೀವರಿನ ಡಯಲನ್ನು ಉದ್ದಕ್ಕೂ ತಿರುಗಿಸುತ್ತಲೇ ಇರಬೇಕು. ಅದರಲ್ಲೂ ಎರಡು ಜಾರುವಿಕೆ ಉಂಟು. ಕಳಿಸುವವನಿಂದ ಉಪಗ್ರಹಕ್ಕೆ ಏರುವಾಗ ಆಗುವುದು ದೊಡ್ಡದು. ಉಪಗ್ರಹದಿಂದ ನಮಗೆ ಇಳಿಯುವಾಗ ಆಗುವುದು ಸಣ್ಣದು. ಉಪಗ್ರಹ ತನ್ನ ಬ್ಯಾಟರಿ, ಬಿಸಿಗಳ ಅಂಕಿಗಳನ್ನು ತಾನೇ ಮೋರ್ಸಿನಲ್ಲಿ ಬಿಡುತ್ತಿರುತ್ತದೆ. ಅದು ನೆಲದಿಂದ ಏರಿ ಹೋದದ್ದಲ್ಲವಾದ್ದರಿಂದ ಅದಕ್ಕೆ ಸಣ್ಣ ಜಾರುವಿಕೆ ಮಾತ್ರ. ಡಯಲನ್ನು ಮುಟ್ಟಿದಂತೆ ಮಾಡಿದರೆ ಸಾಕು. ನೆಲದ ಮನುಷ್ಯರ ಸಂಕೇತವಾದರೆ ಕೈಬಿಡದೆ ಹಿಂಬಾಲಿಸಬೇಕು. ಅಭ್ಯಾಸವಾದವನಿಗೆ ಇದನ್ನು ಕಿವಿಗಿಂತ ಮೊದಲು ಬೆರಳೇ ಹೇಳುತ್ತದೆ. ಊಟಕ್ಕೆ ಕೂತಾಗಲೂ ನನ್ನ ಬೆರಳು ಲೋಟವನ್ನು ಮೆಲ್ಲಗೆ ತಿರುಗಿಸುತ್ತಿರುತ್ತಿತ್ತೆಂದು ನನ್ನ ಹೆಂಡತಿ ಗಿರಿಜಾ ನಗುತ್ತಿದ್ದಳು.

ಆ ವರ್ಷ ಗಿರಿಜಾ ಚೊಚ್ಚಲ ಬಸುರಿ. ಹೆರಿಗೆಗೆಂದು ಚನ್ನಗಿರಿಯ ತವರಿಗೆ ಹೋಗಿದ್ದಳು. ಡಾಕ್ಟರಮ್ಮ ಹೇಳಿದ ದಿನಕ್ಕೆ ಇನ್ನೂ ಮೂರು ವಾರವಿತ್ತು. ಮಾವನ ಮನೆಯಲ್ಲಿ ಫೋನಿಲ್ಲ. ಟ್ರಂಕ್ ಕಾಲ್ ಎಂದರೆ ಅರ್ಧ ದಿನದ ಕೆಲಸ. ಅದಕ್ಕೇ ಖಾದರ್ ಸಾಹೇಬರೊಡನೆ ಮಾತಾಗಿತ್ತು. ಪ್ರತಿ ಭಾನುವಾರ ಬೆಳಗ್ಗೆ ಉಪಗ್ರಹ ಹಾಯುವಾಗ ಅವರು ಗಿರಿಜಾಳ ಯೋಗಕ್ಷೇಮ ತಿಳಿಸಬೇಕು. ನಿಯಮದ ಪ್ರಕಾರ ನಾವು ಬೇರೆಯವರ ಸುದ್ದಿ ಸಾಗಿಸುವಂತಿರಲಿಲ್ಲ. ಅದಕ್ಕೆ ಸಾಹೇಬರು, “ನಿಮ್ಮ ಸುದ್ದೀನ ನಿಮಗೇ ಹೇಳಾಕೆ ಯಾರ ಅಡ್ಡಿ ಐತ್ರೀ?” ಎಂದಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೇ ಕುಟ್ಟುತ್ತಿದ್ದೆವು. ನಮ್ಮಿಬ್ಬರನ್ನು ಬಿಟ್ಟು ಹಾಗೆ ಕುಟ್ಟುವ ಇನ್ನೊಬ್ಬರನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ.

ಆ ಭಾನುವಾರ ಉಪಗ್ರಹ ಸಮಯಕ್ಕೆ ಸರಿಯಾಗಿ ಬಂತು. ಅದರ ಅಂಕಿಗಳ ಸದ್ದು ಕೇಳಿದೊಡನೆ ನಾನು ಖಾದರ್ ಸಾಹೇಬರನ್ನು ಕರೆದೆ. ನನ್ನ ಸಂಕೇತ ನನಗೇ ವಾಪಸು ಕೇಳಿತು, ಎಂದರೆ ಯಂತ್ರಗಳೆಲ್ಲ ಸರಿಯಿದ್ದವು. ಅವರ ಉತ್ತರವಿಲ್ಲ. ಮತ್ತೆ ಕರೆದೆ. ಭಾನುವಾರ ತಪ್ಪಿಸಿದವರೇ ಅಲ್ಲ ಅವರು. ಜ್ವರವಿದ್ದಾಗಲೂ ಕಂಬಳಿ ಹೊದ್ದು ಕೂತು ಕುಟ್ಟಿದ್ದರು. ಉಪಗ್ರಹ ನೆತ್ತಿಗೆ ಬಂತು, ದಾಟಿತು. ಅವರು ಬೇರೆ ಜಾಗದಲ್ಲಿ ಕರೆಯುತ್ತಿದ್ದಾರೇನೋ ಎಂದು ಡಯಲನ್ನು ಆ ತುದಿಯಿಂದ ಈ ತುದಿಗೆ ಹುಡುಕುತ್ತ ಹೋದೆ.

ಉಪಗ್ರಹದ ಅಂಕಿಗಳ ಸದ್ದಿಗೆ ಸ್ವಲ್ಪವೇ ಈಚೆ ಒಂದು ಸಂಕೇತ ಸಿಕ್ಕಿತು. ನಿಧಾನವಾದ ಮೋರ್ಸ್. ಯಂತ್ರದ್ದಲ್ಲ, ಕೈಯಿಂದ ಕುಟ್ಟಿದ್ದು. ಚುಕ್ಕೆಗಳ ನಡುವೆ ಮನುಷ್ಯನ ಕೈಯ ಏರುಪೇರು ಇತ್ತು. ಆದರೆ ಖಾದರ್ ಸಾಹೇಬರ ಕೈ ಅಲ್ಲ. ಅದನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ಕಳಿಸುವವರ ಹೆಸರಿಲ್ಲ, ನಿಲ್ದಾಣದ ಗುರುತಿಲ್ಲ. ಅಕ್ಷರ ಕೂಡಿಸುತ್ತ ಹೋದಂತೆ ಕನ್ನಡವಾಯಿತು. ‘ಮೂರೂ ಜನ ಹುಷಾರು.’ ಸ್ವಲ್ಪ ಬಿಡುವು. ಮತ್ತೆ ಅದೇ, ‘ಮೂರೂ ಜನ ಹುಷಾರು.’

ಯಾವ ಮೂರು ಜನವೋ ಅರ್ಥವಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ನನ್ನ ಕೈ. ಸಂಕೇತ ಸಿಕ್ಕಿದಾಗ ಅಭ್ಯಾಸಬಲದಿಂದ ಡಯಲನ್ನು ತಿರುಗಿಸತೊಡಗಿದ್ದೆ, ದನಿ ತಪ್ಪಿಹೋಯಿತು. ವಾಪಸು ತಂದೆ, ನಿಂತಿತು. ಸುಮ್ಮನೆ ಕೈಯಿಟ್ಟುಕೊಂಡು ಕೂತೆ. ದನಿ ಜಾರಲಿಲ್ಲ. ಜಾರಲೇ ಇಲ್ಲವೆಂದಲ್ಲ, ಪಕ್ಕದ ಅಂಕಿಗಳ ಸದ್ದು ಎಷ್ಟು ಸರಿಯಿತೋ ಅಷ್ಟೇ, ಅದರ ಹೆಗಲಿಗೆ ಹೆಗಲು ಕೊಟ್ಟಂತೆ ಸರಿಯಿತು. ಮಿಕ್ಕ ಹವ್ಯಾಸಿಗಳ ಸಂಕೇತಗಳೆಲ್ಲ ಎಂದಿನಂತೆ ಜಾರುತ್ತಿದ್ದವು. ನನ್ನ ರಿಸೀವರ್ ಕೆಟ್ಟಿದ್ದರೆ ಎಲ್ಲವೂ ಕೆಡಬೇಕಿತ್ತು. ನಾನು ಕಲಿತದ್ದೆಲ್ಲ ಒಂದೇ ಮಾತು ಹೇಳುತ್ತಿತ್ತು. ಈ ಸಂಕೇತ ನೆಲದಿಂದ ಏರಿ ಹೋದದ್ದಲ್ಲ. ಉಪಗ್ರಹದಲ್ಲೇ ಕೂತು ಯಾರೋ ಕುಟ್ಟಿದಂತಿದೆ.

ಬಿಸಿಲು ಕಾಯುತ್ತಿತ್ತು, ಕೆಳಗೆ ಗಂಗಮ್ಮ ಶೇಂಗಾ ಸುಲಿಯುತ್ತ ಯಾರೊಡನೆಯೋ ಮಾತಾಡುತ್ತಿದ್ದರು. ನನಗೆ ಭಯವಾಗಲಿಲ್ಲ ಎಂದರೆ ನಂಬಿ. ಕುತೂಹಲವಾಯಿತು. ‘ನೀವು ಯಾರು’ ಎಂದು ಕುಟ್ಟಿದೆ. ಅಷ್ಟರಲ್ಲಿ ಉಪಗ್ರಹ ಇಳಿಯುತ್ತಿತ್ತು. ಅಂಕಿಗಳೂ ಆ ಸಂಕೇತವೂ ಗೊರಗೊರ ಸದ್ದಿನಲ್ಲಿ ಮುಳುಗಿದವು.

ಯಾರದೋ ಮನೆ ಸುದ್ದಿ, ನನಗೇಕೆ ಎಂದುಕೊಂಡೆ. ಆದರೆ ಖಾದರ್ ಸಾಹೇಬರ ಮೌನ ಕೂರಲು ಬಿಡಲಿಲ್ಲ. ಚೀಲಕ್ಕೆ ಎರಡು ಅಂಗಿ ತುರುಕಿ ದಾವಣಗೆರೆಯ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಚನ್ನಗಿರಿಯ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು. ಮಾವನ ಮನೆ ಮುಟ್ಟಿದಾಗ ಸಂಜೆ. ಬಾಗಿಲಿಗೆ ಬೀಗ. ಪಕ್ಕದ ಮನೆಯವರು, “ಆಸ್ಪತ್ರಿಗೆ ಹೋಗ್ಯಾರ್ರೀ, ರಾತ್ರಿನೇ ನೋವು ಬಂದವು” ಎಂದರು. ಆಸ್ಪತ್ರೆವರೆಗೆ ಹೇಗೆ ನಡೆದೆನೋ ನೆನಪಿಲ್ಲ.

ಆಸ್ಪತ್ರೆಯ ಜಗಲಿಯ ಮೇಲೆ ಖಾದರ್ ಸಾಹೇಬರು ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು ಬಂದರು.

“ನಿಮಗೆ ಹೆಂಗೆ ಗೊತ್ತಾತ್ರಿ ಮೇಷ್ಟ್ರೇ? ಇಲ್ಲಿ ರಾತ್ರಿಯಿಂದ ಊರಿಗೇ ಕರೆಂಟಿಲ್ಲ. ಬ್ಯಾಟರಿನೂ ಕೂತೋಗಿತ್ತು. ಬೆಳಗ್ಗೆ ಕರೆಯಾಕೆ ಆಗ್ಲಿಲ್ಲ. ನಿಮ್ಮ ಮಾವ ತಂತಿ ಕೊಟ್ಟಾರೆ, ಅದು ನಾಳೆ ಮುಟ್ಟುತ್ತೋ ಏನೋ.”

ಅಷ್ಟರಲ್ಲಿ ಒಳಗಿನಿಂದ ನರ್ಸ್ ಬಂದರು. ನನ್ನ ಮುಖ ನೋಡಿಯೇ ಯಾರೆಂದು ಊಹಿಸಿರಬೇಕು.

“ಗಾಬರಿ ಆಗಬ್ಯಾಡ್ರಿ. ಮೂರೂ ಜನ ಹುಷಾರಾಗಿದಾರೆ” ಎಂದರು.

“ಮೂರು ಜನ ಅಂದ್ರೆ?” ಎಂದೆ.

“ಅವಳಿ ಹೆಣ್ಣುಮಕ್ಕಳು ರೀ. ಯಾರಿಗೂ ಗೊತ್ತಿರಲಿಲ್ಲ. ಒಂದು ಹುಟ್ಟಿದ ಮೇಲೇ ಇನ್ನೊಂದು ಐತೆ ಅಂತ ತಿಳೀತು.”

‘ಮೂರೂ ಜನ ಹುಷಾರು’ ಎಂದು ಅಲ್ಲೇ ನಿಂತು ಎರಡು ಸಲ ಬಾಯಿಬಿಟ್ಟು ಹೇಳಿದೆ. ಸಂತೋಷದಿಂದ ಹಾಗೆ ಹೇಳಿದೆನೆಂದು ಎಲ್ಲರೂ ತಿಳಿದರು. ಸಂತೋಷವೂ ಇತ್ತು. ಒಳಗೆ ಗಿರಿಜಾ ಸೋತುಹೋಗಿದ್ದಳು, ಆದರೂ ನನ್ನನ್ನು ನೋಡಿ ನಕ್ಕಳು. ಅತ್ತೆ ಎರಡು ಪುಟ್ಟ ಗಂಟುಗಳನ್ನು ತಂದು, “ಹಿಡ್ಕೊಳ್ಳಿ, ಕೈಗೊಂದು” ಎಂದರು. ಮಕ್ಕಳು ಹುಟ್ಟಿದ್ದು ಎಷ್ಟು ಹೊತ್ತಿಗೆ ಎಂದು ಆಗ ಕೇಳಿದೆ. ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು ಎಂದರು ಅತ್ತೆ. ಡಾಕ್ಟರಮ್ಮನೂ ಅದನ್ನೇ ಹೇಳಿದರು. ಆ ಹೊತ್ತಿಗೆ ನಾನು ದಾವಣಗೆರೆಯ ಬಸ್ ನಿಲ್ದಾಣದಲ್ಲಿದ್ದೆ. ತಾರಸಿಯ ಮೇಲೆ ಆ ಸಂಕೇತ ಕೇಳಿದಾಗ ನನ್ನ ಮಕ್ಕಳು ಇನ್ನೂ ಹುಟ್ಟಿಯೇ ಇರಲಿಲ್ಲ. ಇಬ್ಬರಿದ್ದಾರೆಂದು ಹೆರುವವಳಿಗೂ ತಿಳಿದಿರಲಿಲ್ಲ.

ಎರಡು ದಿನ ಬಿಟ್ಟು ಅಂಗಡಿಯಲ್ಲಿ ಖಾದರ್ ಸಾಹೇಬರಿಗೆ ಎಲ್ಲ ಹೇಳಿದೆ. ನಗಲಿಲ್ಲ, ಬೆರಗೂ ತೋರಲಿಲ್ಲ. ಬೆಸುಗೆ ಹಾಕುತ್ತಿದ್ದವರು ಕಡ್ಡಿಯನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು.

“ಡಯಲ್ ಎಷ್ಟು ತಿರುಗಿಸಿದ್ರಿ?”

“ತಿರುಗಿಸಿದ್ರೆ ತಪ್ಪಿಹೋಗ್ತಿತ್ತು ಸಾಹೇಬ್ರೇ. ಅಂಕಿ ಜತೆಗೇ ನಿಂತಿತ್ತು.”

ಒಂದು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ದಾರಿ ಇತ್ತು. ಕಳಿಸುವವನೇ ತನ್ನ ಟ್ರಾನ್ಸ್‌ಮಿಟರನ್ನು ಎದುರು ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದರೆ ದೊಡ್ಡ ಜಾರುವಿಕೆ ಕಳೆದುಹೋಗುತ್ತದೆ. ಸರಿ, ಮಾಡಿಯೇ ನೋಡೋಣ ಎಂದರು. ನಾನು ಜಗಳೂರಿಗೆ ಮರಳಿದ ಮೇಲೆ ಹಲವು ಭಾನುವಾರ ಅವರು ಒಂದು ಕೈಯಲ್ಲಿ ಕುಟ್ಟುತ್ತ ಇನ್ನೊಂದು ಕೈಯಲ್ಲಿ ಸರಿಸಿದರು, ನಾನು ಕೇಳಿದೆ. ದನಿ ಹತ್ತಿ ಇಳಿದು, ಕುಂಟುತ್ತ ಬರುತ್ತಿತ್ತು. ಒಂದು ಸಲವೂ ಅಂಕಿಗಳ ಪಕ್ಕ ನೆಟ್ಟಗೆ ನಿಲ್ಲಲಿಲ್ಲ.

“ಎರಡು ಕೈ ಸಾಲಲ್ಲ ಮೇಷ್ಟ್ರೇ,” ಎಂದರು ಮುಂದೊಮ್ಮೆ ಭೇಟಿಯಾದಾಗ. “ಆದ್ರೆ ನಮ್ಮಿಂದ ಆಗ್ಲಿಲ್ಲ ಅಂತ ಯಾರಿಂದಲೂ ಆಗಲ್ಲ ಅನ್ನಾಕೆ ಬರಲ್ಲ.”

ಅವರ ಆ ಮಾತು ನ್ಯಾಯವಾದದ್ದು. ನಮಗಿಂತ ನುರಿತ ಹವ್ಯಾಸಿ ಎಲ್ಲೋ ಇದ್ದಿರಬಹುದು, ಅವನು ಕನ್ನಡದವನೇ ಇದ್ದಿರಬಹುದು, ತನ್ನ ಮನೆಯ ಮೂವರ ಸುದ್ದಿಯನ್ನು ಯಾರಿಗೋ ಹೇಳುತ್ತಿದ್ದಿರಬಹುದು. ಆ ಸುದ್ದಿ ನನಗೆಂದು ಬಂದದ್ದೇ ಅಲ್ಲವೆಂದು ನಾನೇ ಎಷ್ಟೋ ಸಲ ವಾದಿಸಿದ್ದೇನೆ. ಒಂದೊಂದನ್ನೂ ಬಿಡಿಯಾಗಿ ತೆಗೆದುಕೊಂಡರೆ ಉತ್ತರ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡರೆ ನನ್ನ ವಿಜ್ಞಾನ ಅಲ್ಲಿಗೆ ನಿಲ್ಲುತ್ತದೆ. ಮಕ್ಕಳು ಬೆಳೆದರು, ನನಗೆ ಹೊನ್ನಾಳಿಗೆ, ನ್ಯಾಮತಿಗೆ ವರ್ಗವಾಯಿತು, ಆಂಟೆನಾ ಕೊಳವೆಗಳೂ ನಮ್ಮ ಸಾಮಾನಿನೊಡನೆ ಲಾರಿಯಲ್ಲಿ ಊರೂರು ಸುತ್ತಿದವು. ಆ ಸಂಕೇತ ಮತ್ತೆ ಕೇಳಲಿಲ್ಲ.

ಗಿರಿಜಾಳಿಗೆ ಇದರಲ್ಲಿ ಬಿಡಿಸಬೇಕಾದ ಒಗಟು ಏನೂ ಕಾಣಲಿಲ್ಲ. “ಯಾರೋ ಒಳ್ಳೆಯವರು. ಹೇಳಿದ ಮಾತು ಸುಳ್ಳಾಗ್ಲಿಲ್ಲ, ಅಲ್ವೇನ್ರಿ?” ಎಂದಳು. ಅವಳಿಗೆ ಬೇಸರವಾದದ್ದು ಬೇರೆ ವಿಷಯಕ್ಕೆ. ನಮ್ಮ ಹವ್ಯಾಸದಲ್ಲಿ ಸುದ್ದಿ ಬಂದರೆ ಮುಟ್ಟಿತೆಂದು ತಿಳಿಸುವುದು ಮರ್ಯಾದೆ. ನಾನು ಯಾರು ಎಂದು ಕೇಳಿದ್ದೆ, ಮುಟ್ಟಿತು ಎಂದಿರಲಿಲ್ಲ. ಅದು ತಪ್ಪಲ್ಲವೇ ಎಂದಳು. ಆಮೇಲೆ ಆ ಉಪಗ್ರಹ ಬದುಕಿದ್ದಷ್ಟು ವರ್ಷ, ಬಿಡುವಾದಾಗಲೆಲ್ಲ ಅಂಕಿಗಳ ಸದ್ದಿನ ಪಕ್ಕ ಹೋಗಿ, ‘ಸುದ್ದಿ ಮುಟ್ಟಿತು, ವಂದನೆ’ ಎಂದು ಕುಟ್ಟುತ್ತಿದ್ದೆ. ನನ್ನ ದನಿ ನೆಲದ ಮನುಷ್ಯನ ದನಿಯಂತೆ ಜಾರುತ್ತ ನನಗೇ ವಾಪಸು ಬರುತ್ತಿತ್ತು.

ತಾರಸಿಯಿಂದ ಇಳಿದು ಬಂದಾಗ ಗಿರಿಜಾ ತಪ್ಪದೆ ಕೇಳುತ್ತಿದ್ದಳು, “ಉತ್ತರ ಬಂತೇನ್ರಿ?”

“ಇಲ್ಲ.”

“ಕೇಳಿಸ್ಕೊಂಡಿರ್ತಾರೆ ಬಿಡ್ರಿ,” ಎಂದು ಅವಳು ನನ್ನ ಮುಂದೆ ತಟ್ಟೆ ಇಡುತ್ತಿದ್ದಳು.