ರೆಕ್ಕೆಯ ಕೆಳಗಿನ ಐದು ಅಕ್ಷರ

ಅವತ್ತು ಮಂಗಳವಾರ. ನಮ್ಮನೆಯವರು ವಿಮಾನದ ರೆಕ್ಕೆಯ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದರು. ಕೈಯಲ್ಲಿ ಬ್ರಶ್ಶು, ಪಕ್ಕದಲ್ಲಿ ಕರಿ ಬಣ್ಣದ ಡಬ್ಬಿ, ಗಡ್ಡದ ಮೇಲೆ ನಾಲ್ಕು ಹನಿ ಬಣ್ಣ.

ದಾವಣಗೆರೆಯಲ್ಲಿ ಅಂಗಡಿ ಬೋರ್ಡು ಬರೆಯುವವರಿಗೆ ವಿಮಾನದ ಸಹವಾಸ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಒಂದು ಎತ್ತಿನಿಂದ ಬಂತು. ಹತ್ತಿಗೆ ಔಷಧ ಹೊಡೆಯುವ ಪುಟ್ಟ ವಿಮಾನ ಹರಿಹರದ ಆಚೆ ಸಾರಥಿ ಅನ್ನುವ ಊರಿನ ಬಯಲಿನಲ್ಲಿ ನಿಂತಿತ್ತು. ಯಾರದೋ ಎತ್ತು ಮೈ ತಿಕ್ಕಲು ಹೋಗಿ ಎಡ ರೆಕ್ಕೆಗೆ ಕೊಂಬು ತೂರಿಸಿತು. (ಆ ರೆಕ್ಕೆಯ ಮೈ ಬಟ್ಟೆಯದು. ನನಗೂ ಅವತ್ತೇ ಗೊತ್ತಾದದ್ದು.) ಇಂಜಿನಿಯರ್ ತೇಪೆ ಹಾಕಿದರು. ರೆಕ್ಕೆಯೇನೋ ಸರಿಹೋಯಿತು. ಆದರೆ ಅಡಿಯಲ್ಲಿ ಬರೆದಿದ್ದ ಅಕ್ಷರಗಳು ಅರ್ಧ ತೇಪೆಯೊಳಗೆ ಹೋದವು.

ಮೋಟಾರಿಗೆ ನಂಬರ್ ಪ್ಲೇಟ್ ಇದ್ದಂತೆ ವಿಮಾನಕ್ಕೂ ಗುರುತಿನ ಅಕ್ಷರಗಳಿರುತ್ತವೆ. ಐದೇ ಅಕ್ಷರ, ನಡುವೆ ಒಂದು ಗೆರೆ. ಮೊದಲಿನ ಎರಡು ದೇಶದ್ದು, ಉಳಿದ ಮೂರು ಆ ವಿಮಾನದ್ದೇ. ಅವು ಸ್ವಚ್ಛವಾಗಿ ಕಾಣದಿದ್ದರೆ ವಿಮಾನ ಮೇಲೇಳುವಂತಿಲ್ಲ. ಅದು ಕಾನೂನು. ಹುಳಕ್ಕೆ ಕಾನೂನು ಗೊತ್ತೇ? ಎರಡು ಊರಿನ ಹತ್ತಿ ಕಾಯುತ್ತಿತ್ತು. ಹಾಗಾಗಿ ಬೆಳಿಗ್ಗೆಯೇ ಕೆ.ಬಿ. ಬಡಾವಣೆಯ ನಮ್ಮ ಮನೆ ಮುಂದೆ ಜೀಪು ಬಂದು ನಿಂತಿತು.

ಮಧ್ಯಾಹ್ನ ನಾನು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋದೆ. ಬುತ್ತಿ ಒಂದು ನೆಪ. ವಿಮಾನವನ್ನು ಹತ್ತಿರದಿಂದ ನೋಡಬೇಕಿತ್ತು.

ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ನೋಡಲು ಎಷ್ಟು ಚೆಂದ! ಕರಿ ಅಕ್ಷರ, ಅದರ ಬಲಕ್ಕೆ ಕೆಂಪು ಶೇಡ್, ತುದಿಗಳಿಗೆ ಬಳ್ಳಿಯಂತೆ ಸುರುಳಿ. ಚೌಕಿಪೇಟೆಯ ಜವಳಿ ಅಂಗಡಿಗೆ ಬರೆದಂತೆಯೇ ಬರೆದಿದ್ದರು. ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರ್ ಬಗ್ಗಿ ನೋಡಿದರು. ಕೈ ಚೆನ್ನಾಗಿದೆ ಎಂದರು. ಆಮೇಲೆ, ಎಲ್ಲ ಅಳಿಸಿ ಎಂದರು.

ನಿಯಮದ ಹಾಳೆ ತಂದು ಓದಿ ಹೇಳಿದರು. ಇಂಗ್ಲಿಷಿನ ದೊಡ್ಡಕ್ಷರವೇ ಆಗಬೇಕು. ಎಲ್ಲ ಒಂದೇ ಎತ್ತರ. ಅಗಲ ಎತ್ತರದ ಮೂರರಲ್ಲಿ ಎರಡು ಪಾಲು. ಗೆರೆಯ ದಪ್ಪ ಎತ್ತರದ ಆರರಲ್ಲಿ ಒಂದು ಪಾಲು. ಅಕ್ಷರದ ತಲೆ ರೆಕ್ಕೆಯ ಮುಂದಿನ ಅಂಚಿನ ಕಡೆಗೇ ಇರಬೇಕು. ಹಿಂದಿನ ಬಣ್ಣದಿಂದ ಎದ್ದು ಕಾಣಬೇಕು. ಅಲಂಕಾರ ಏನೂ ಕೂಡದು.

ನಮ್ಮನೆಯವರು ಎದ್ದು ಕೂತರು. "ಶೇಡ್ ಇಲ್ಲದ ಅಕ್ಷರ ಬೋಳು ಹಣೆ ಇದ್ದಂಗೆ ಕಾಣ್ತೈತೆ ಸಾರ್" ಎಂದರು.

ನಾನು ಬುತ್ತಿ ಕೆಳಗಿಟ್ಟೆ. "ಎಂಥ ಮಾತಾಡ್ತೀರಿ? ಬಿಡ್ತು ಅನ್ರಿ."

"ಬಿಡ್ತು ಮಾರಾಯ್ತಿ, ಬಿಡ್ತು. ರೊಟ್ಟಿ ಕೊಡು" ಎಂದು ನಕ್ಕರು.

ಊಟ ಮಾಡಿ ಟರ್ಪೆಂಟೈನಿನಲ್ಲಿ ಎಲ್ಲ ಒರೆಸಿದರು. ದಪ್ಪ ರಟ್ಟು ತರಿಸಿ, ಪೆನ್ಸಿಲಿನಲ್ಲಿ ಅಳತೆ ಹಾಕಿ, ಒಂದೊಂದು ಅಕ್ಷರವನ್ನೂ ಅಚ್ಚಿನಂತೆ ಕತ್ತರಿಸಿಕೊಂಡರು. ಅದನ್ನಿಟ್ಟು ಹೊಸದಾಗಿ ಬರೆದರು. ಈ ಸಲ ಸುರುಳಿಯಿಲ್ಲ, ಶೇಡ್ ಇಲ್ಲ. ಇಂಜಿನಿಯರ್ ಸ್ಕೇಲ್ ಹಿಡಿದು ಅಳೆದು ತಲೆದೂಗಿದರು.

ಅಷ್ಟರಲ್ಲಿ ಇವರು ಸಣ್ಣ ಬ್ರಶ್ಶು ತೆಗೆದು ಮೂಲೆಯಲ್ಲಿ ತಮ್ಮ ಹೆಸರು ಬರೆದುಬಿಟ್ಟಿದ್ದರು! ಬೋರ್ಡು ಮುಗಿದ ಮೇಲೆ ಕೆಳಗೆ ಹೆಸರು ಹಾಕುವುದು ಈ ಕಸುಬಿನವರ ಪದ್ಧತಿ. ಕೈ ತಾನಾಗಿ ಹೋಗುತ್ತದೆ. ಅದೂ ಇರುವಂತಿಲ್ಲ ಎಂದರು ಇಂಜಿನಿಯರ್.

ಇವರು ಬ್ರಶ್ಶನ್ನು ಡಬ್ಬಿಯ ಮೇಲಿಟ್ಟರು. ನಾನೇ ಹೇಳಿದೆ. "ಊರ ತುಂಬ ಐತಲ್ಲ ನಿಮ್ಮ ಹೆಸರು. ಇಲ್ಲೊಂದು ಇಲ್ಲದಿದ್ರೆ ಏನಾತು?"

ತಮ್ಮ ಕೈಯಿಂದಲೇ ಒರೆಸಿದರು. ಸಂಜೆ ಬಸ್ಸಿಗೆ ಊರಿಗೆ ಬಂದೆವು. ಮರುದಿನ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಎದೆ ಹಿಡಿದುಕೊಂಡರು. ಡಾಕ್ಟರು ಬರುವವರೆಗೂ ಇರಲಿಲ್ಲ.

ವಾರವಾರ ಈ ಜಾಗದಲ್ಲಿ ಸಂತೆ, ಸಾರು, ಸೊಸೆಯರ ಸುದ್ದಿ ಬರೆಯುತ್ತಿದ್ದವಳು ಇಷ್ಟು ತಿಂಗಳು ಯಾಕೆ ಬರೆಯಲಿಲ್ಲ ಅಂತ ಕೆಲವರು ಕೇಳಿದಿರಿ. ಇದೇ ಕಾರಣ. ನಾನು ಓದಿದ್ದು ಲೋವರ್ ಸೆಕೆಂಡರಿ. ದುಃಖವನ್ನು ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ. ಆದರೆ ಆ ನಿಯಮದ ಬಗ್ಗೆ ಹೇಳಬಲ್ಲೆ. ಮೊದಮೊದಲು ಅದರ ಮೇಲೆ ನನಗೆ ಸಿಟ್ಟಿತ್ತು. ಒಂದು ಬೆರಳಷ್ಟು ಜಾಗ, ಅವರ ಹೆಸರು ಇದ್ದಿದ್ದರೆ ವಿಮಾನ ಬೀಳುತ್ತಿತ್ತೇ?

ಆಮೇಲೆ ನಮ್ಮ ಊರನ್ನೇ ನೋಡಿದೆ. ಮದುವೆಗೆ ಒಂದು ಚೊಂಬು ಕೊಟ್ಟರೆ ಅದರ ಕಂಠದ ಸುತ್ತ ಹೆಸರು ಕೆತ್ತಿಸುತ್ತೇವೆ. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟರೆ ನೀರಿನ ಗಡಿಗೆಗಿಂತ ಬೋರ್ಡು ದೊಡ್ಡದು. (ಬಾಯಾರಿದವನು ಮೊದಲು ಧರ್ಮಾತ್ಮರ ಹೆಸರು ಓದಿ ಮುಗಿಸಬೇಕು.) ಕೆಲವು ಅಂಗಡಿಗಳ ಬೋರ್ಡಿನಲ್ಲಿ ಮಾಲೀಕರ ಅಪ್ಪ, ಅಜ್ಜ ಎಲ್ಲ ಸಿಗುತ್ತಾರೆ. ಒಳಗೆ ಏನು ಮಾರುತ್ತಾರೆ ಅನ್ನುವುದು ಮಾತ್ರ ಸಿಗುವುದಿಲ್ಲ. ಆ ಬೋರ್ಡುಗಳಲ್ಲಿ ಅರ್ಧ ನಮ್ಮನೆಯವರೇ ಬರೆದದ್ದು, ಒಪ್ಪಿಕೊಳ್ಳುತ್ತೇನೆ.

ವಿಮಾನದ ಅಕ್ಷರ ಇರುವುದು ಬರೆದವನಿಗಲ್ಲ. ಕೊಂಡವನಿಗೂ ಅಲ್ಲ. ಕೆಳಗೆ ಹೊಲದಲ್ಲಿ ನಿಂತು ತಲೆಯೆತ್ತಿದವನಿಗೆ. ಅವನಿಗೆ ಒಂದು ಕ್ಷಣ ಸಿಗುತ್ತದೆ, ಅಷ್ಟರಲ್ಲಿ ಓದಲು ಆಗಬೇಕು. ನಿಯಮ ಸರಿಯಾಗಿದೆ. ಈಗ ಯಾರು ಕೇಳಿದರೂ ಹಾಗೆಯೇ ಹೇಳುತ್ತೇನೆ.

ಕಳೆದ ವಾರ ವಿಮಾನ ಮತ್ತೆ ಸಾರಥಿಗೆ ಬಂತು ಎಂದು ಸುದ್ದಿ ತಿಳಿಯಿತು. ವರ್ಷ ತುಂಬುವ ಮೊದಲು ಹೊರಗೆ ತಿರುಗುವುದು ಯಾಕೆ ಅಂತ ಮನೆಯಲ್ಲಿ ಹಿರಿಯರು ಗೊಣಗಿದರು. ಹೋದೆ. ನಮ್ಮನೆಯವರ ಅಕ್ಷರವನ್ನು ಒಮ್ಮೆ ಕೈಯಿಂದ ಮುಟ್ಟಬೇಕಿತ್ತು.

ಅದೇ ಇಂಜಿನಿಯರ್ ಇದ್ದರು. ಪೇಂಟರ್ ಬರಲಿಲ್ಲವಾ ಅಂತ ಕೇಳಿದರು. ಹೇಳಿದೆ. ಅವರು ಟೋಪಿ ತೆಗೆದರು. ನಾನು ರೆಕ್ಕೆಯ ಕೆಳಗೆ ಬಗ್ಗಿದೆ. ಅಕ್ಷರಗಳು ಅಚ್ಚುಕಟ್ಟಾಗಿದ್ದವು. ಕೈ ಚಾಚಿದಾಗ ಅವರು ಮೆಲ್ಲಗೆ ನಿಜ ಹೇಳಿದರು. ಮಳೆಗಾಲದಲ್ಲಿ ರೆಕ್ಕೆಗೆ ಪೂರ್ತಿ ಹೊಸ ಬಟ್ಟೆ ಹೊದಿಸಿದ್ದಾರಂತೆ. ಈ ಅಕ್ಷರ ಬರೆದವರು ಬೇರೆಯವರಂತೆ.

ನಾನು ಕೈ ಹಿಂದಕ್ಕೆ ತೆಗೆದೆ. ಅವರು ಉಪಕರಣದ ಪೆಟ್ಟಿಗೆ ತೆರೆದು ಐದು ರಟ್ಟಿನ ತುಂಡು ತಂದರು. ಅಂಚಿಗೆಲ್ಲ ಕರಿ ಬಣ್ಣ ಮೆತ್ತಿತ್ತು. ನಡುವೆ ನಮ್ಮನೆಯವರ ಪೆನ್ಸಿಲ್ ಗೆರೆಗಳು, ಅವರು ಹಾಕಿದ ಅಂಕಿಗಳು ಹಾಗೆಯೇ ಇದ್ದವು. ಹೊಸದಾಗಿ ಬರೆದವರೂ ಇವನ್ನೇ ಇಟ್ಟು ಬರೆದರು ಅಂದರು.

"ತಗೊಂಡು ಹೋಗಿ ಅಮ್ಮ. ನಾವು ಬೇರೆ ಕತ್ತರಿಸ್ಕೋತೀವಿ."

ಎದೆಗೆ ಒತ್ತಿಕೊಂಡೆ. ಬಸ್ಸು ಹಿಡಿದು ಮನೆಗೆ ಒಯ್ಯುವುದಷ್ಟೇ ಬಾಕಿ. ಆದರೂ ಕೇಳಿದೆ. "ಬೇರೆಯವು ಇಷ್ಟು ಸರಿಯಾಗಿ ಬರ್ತಾವೇನ್ರಿ?"

ಅವರು ಸುಳ್ಳು ಹೇಳಲಿಲ್ಲ. "ಕಷ್ಟ ಅಮ್ಮ. ಇವು ಕೂದಲೆಳೆ ಹೆಚ್ಚುಕಮ್ಮಿ ಇಲ್ಲ" ಎಂದರು.

"ಹಂಗಾದ್ರೆ ನಿಮ್ಮ ಪೆಟ್ಟಿಗೇಲೇ ಇರ್ಲಿ ಬಿಡ್ರಿ" ಎಂದು ವಾಪಸು ಕೊಟ್ಟೆ.

ಸ್ವಲ್ಪ ಹೊತ್ತಿಗೆ ವಿಮಾನ ಎದ್ದು ಹತ್ತಿ ಹೊಲದ ಮೇಲೆ ತಗ್ಗಾಗಿ ಬಂತು. ತಲೆಯೆತ್ತಿ ನೋಡಿದೆ. ಐದಕ್ಷರವನ್ನೂ ಓದಿದೆ. ಒಂದೇ ಸಲಕ್ಕೆ.

ಮದುವೆಯಾದಾಗಿನಿಂದ ನಾವಿಬ್ಬರೂ ಒಂದು ದಿನವೂ ಬೇರೆ ಬೇರೆ ಊರಿನಲ್ಲಿದ್ದವರಲ್ಲ, ಹಾಗಾಗಿ ಅವರು ನನಗೆ ಒಂದು ಕಾಗದವನ್ನೂ ಬರೆದಿರಲಿಲ್ಲ. ನಮ್ಮ ಮನೆಯಲ್ಲಿ ಅವರ ಕೈಯ ಒಂದಕ್ಷರವೂ ಇಲ್ಲ.