ಒಂದು ತಲೆ ಕಡಿಮೆ

ವಾರ್ಡುಗಳ ಗಡಿ ಎಳೆಯುತ್ತಿದ್ದ ಗುಮಾಸ್ತರು ಕಂಕನಾಡಿಯಲ್ಲಿ ನಮ್ಮ ಪಕ್ಕದಲ್ಲೇ, ಹೆಂಡತಿಯ ಮನೆಯಲ್ಲಿದ್ದರು. ಕಿವಿಯ ಮೇಲೆ ಸದಾ ಪೆನ್ಸಿಲು. ಯಾರು ಸಿಕ್ಕಿದರೂ ಒಂದೇ ಪ್ರಶ್ನೆ: "ಮನೆಯಲ್ಲಿ ತಲೆ ಎಷ್ಟುಂಟು?"

ಒಮ್ಮೆ ಹೊಳೆಯಾಚೆಯ ಬೆಂಗ್ರೆಗೆ ಪ್ರತ್ಯೇಕ ವಾರ್ಡು ಸಿಗಲು ಒಂದೇ ಒಂದು ತಲೆ ಕಡಿಮೆ ಬಿತ್ತು. ಆ ತಲೆ ಸಿಗದಿದ್ದರೆ ಅದು ಹೊಳೆಯ ಈಚೆಯ ಪೇಟೆಯ ವಾರ್ಡಿಗೆ ಸೇರಿಹೋಗುತ್ತಿತ್ತು. ಗುಮಾಸ್ತರ ತಾಯಿಮನೆ ಇದ್ದದ್ದು ಅಲ್ಲೇ; ತಾಯಿಯ ಕಡೆಯಿಂದ ವಂಶ ಹಿಡಿಯುವ ಅಳಿಯಸಂತಾನದವರಲ್ಲಿ ಗಂಡಸು ತಾಯಿಮನೆಗೆ ಸೇರಿದವನಲ್ಲವೆ? ಗುಮಾಸ್ತರು ಕಂಕನಾಡಿಯ ಪಟ್ಟಿಯಲ್ಲಿ ತಮ್ಮ ಹೆಸರು ಹೊಡೆದುಹಾಕಿ, ಬೆಂಗ್ರೆಯ ತಾಯಿಮನೆಯ ಲೆಕ್ಕದಲ್ಲಿ ಬರೆದರು.

"ಹಾಗಾದ್ರೆ ನೀವು ಇಲ್ಲಿ ಎಂತ?" ಎಂದು ಹೆಂಡತಿ ಕೇಳಿದರು.

"ನೆಂಟ, ಮಾರಾಯ್ತಿ."

ಬರೆದದ್ದು ಸುಳ್ಳಾಗಬಾರದೆಂದು ಅಂದು ಸಂಜೆಯೇ ಹಾಸಿಗೆ ಸುತ್ತಿಕೊಂಡು ಬೆಂಗ್ರೆಯ ದೋಣಿ ಹತ್ತಿದರು. ಆಮೇಲೆ ಭಾನುವಾರಗಳಂದು ಕಂಕನಾಡಿಗೆ ಬಂದರೂ, ಹೆಂಡತಿ "ಬನ್ನಿ" ಎನ್ನುವವರೆಗೆ ಜಗಲಿ ಹತ್ತುತ್ತಿರಲಿಲ್ಲ. ಆಕೆ ಬೇಕೆಂದೇ ತಡಮಾಡುತ್ತಿದ್ದರು.