ದೋಸೆ ಹಿಟ್ಟಿನ ಪಕ್ಕದ ಇನ್ಸುಲಿನ್

ಬಿಸಿ ತಾಗಿದರೆ ಇನ್ಸುಲಿನ್ ಹೇಗೆ ಕೆಡುತ್ತದೆ ಎಂದು ನೋಡುವುದು ಬೆಳಗಾವಿಯ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ಖಾನಾಪುರದ ನನ್ನ ಸೋದರತ್ತೆ ಮಾತ್ರ ತನ್ನ ಇನ್ಸುಲಿನ್ ಬಾಟಲಿಯನ್ನು ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟಿದ್ದಳು. ಸಕ್ಕರೆ ಇಳಿಯುತ್ತಿಲ್ಲ ಎಂದು ಡಾಕ್ಟರನ್ನು ಬೈಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

"ಫ್ರಿಜ್‌ನ್ಯಾಗ ಯಾಕ ಇಟ್ಟಿಲ್ಲ ಅತ್ತಿ?"

"ಅದನ್ನ ಹಂದಿಯಿಂದ ತಗೀತಾರಂತ. ನೈವೇದ್ಯದ ಹಾಲಿನ ಬಾಜೂ ಇಡಲೇನು?"

ಪಕ್ಕದ ಮನೆಯವರು ಹೇಳಿದ್ದರಂತೆ. ಪೂರ್ತಿ ಸುಳ್ಳೇನಲ್ಲ, ಹಿಂದೆ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಈಗ ಆ ಕೆಲಸವನ್ನು ಯೀಸ್ಟ್‌ನಂಥ ಸೂಕ್ಷ್ಮಜೀವಿಗಳಿಂದ ಮಾಡಿಸುತ್ತಾರೆ. ಅದನ್ನು ಅತ್ತೆಗೆ ತಿಳಿಯುವ ಹಾಗೆ ಹೇಳಬೇಕಲ್ಲ. "ದ್ವಾಸಿ ಹಿಟ್ಟು ಉಬ್ಬಸ್ತಾವಲ್ಲ, ಅಂಥಾ ಜೀವಿಗಳ ಇದನ್ನ ಮಾಡ್ತಾವ," ಎಂದೆ.

ಅವಳ ಮುಖ ಅರಳಿತು. ಹೊಸ ಬಾಟಲಿ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕದಲ್ಲೇ ಕುಳಿತಿತು, ಸಕ್ಕರೆಯೂ ಇಳಿಯತೊಡಗಿತು. ವಿಜ್ಞಾನವನ್ನು ಇಷ್ಟು ಸರಳವಾಗಿ ಹೇಳಲು ನಮ್ಮ ಲ್ಯಾಬಿನಲ್ಲಿ ಇನ್ಯಾರಿಗೂ ಬರುವುದಿಲ್ಲ ಎಂದು ಒಳಗೊಳಗೇ ಬೀಗಿದೆ.

ಮುಂದಿನ ಸಲ ಹೋದಾಗ ಅತ್ತೆ ತಟ್ಟೆ ತುಂಬ ಸಾಬೂದಾಣಿ ಖಿಚಡಿ ಹಾಕಿಕೊಂಡು ಕೂತಿದ್ದಳು. ಇಂಜೆಕ್ಷನ್ ಆಯಿತೇ ಎಂದು ಕೇಳಿದೆ.

"ಇವತ್ತ ಏಕಾದಶಿ ಉಪವಾಸ, ಅಕ್ಕಿ ಮುಟ್ಟಂಗಿಲ್ಲ. ದ್ವಾಸಿ ಹಿಟ್ಟಿಂದು ಹೆಂಗ ನಡೀತದ?" ಎಂದು ನನ್ನನ್ನೇ ಗದರಿದಳು. "ನೀನ ಹೇಳಿದ್ದಿಲ್ಲೇನು?"